ಅಕ್ಷರ ತಡೆದ ಸುರಕ್ಷತೆ

ಹೊಸಂಗಡಿಯ ತಾಯಿಯೊಬ್ಬರು ಮಗಳ ಪರೀಕ್ಷಾ ವೇಳಾಪಟ್ಟಿಗಾಗಿ ಕನ್ನಡ ಶಾಲೆಯ ಜಾಲತಾಣವನ್ನು ಮೊಬೈಲಿನಲ್ಲಿ ತೆರೆದರೆನ್ನೋಣ. ನಿನ್ನೆಯವರೆಗೆ ಸರಿಯಿದ್ದ ಪುಟದಲ್ಲಿ ಇಂದು ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ತಾಣ ಸುರಕ್ಷಿತವಾದ ದಿನವೇ ಕನ್ನಡ ಕಾಣೆಯಾದುದೇಕೆ?

2018ರ ಜುಲೈಯಿಂದ ಕ್ರೋಮ್ ಬ್ರೌಸರ್ ‘ಎಚ್‌ಟಿಟಿಪಿ’ ತಾಣಗಳನ್ನೆಲ್ಲ ಸುರಕ್ಷಿತವಲ್ಲವೆಂದು ಗುರುತಿಸತೊಡಗಿತು. ಆ ಬಳಿಕ ಚಿಕ್ಕಪುಟ್ಟ ತಾಣಗಳೂ ‘ಎಚ್‌ಟಿಟಿಪಿಎಸ್‌’ಗೆ ಬದಲಾಗುತ್ತ ಬಂದವು. ಆದರೆ ಪುಟದ ವಿಳಾಸ ಬದಲಾದರೂ, ವಿನ್ಯಾಸದ ಕಡತದೊಳಗೆ ಫಾಂಟಿನ ವಿಳಾಸ ಹಳೆಯದಾಗಿಯೇ ಉಳಿಯುವುದುಂಟು. ದಾರಿಯಲ್ಲಿ ಅನ್ಯರು ತಿದ್ದಬಹುದಾದ ಕಡತವನ್ನು ಬ್ರೌಸರ್ ಸುರಕ್ಷಿತ ಪುಟದೊಳಕ್ಕೆ ಬಿಡುವುದಿಲ್ಲ.

ಪರಿಹಾರ ಸುಲಭ. ಫಾಂಟಿನ ವಿಳಾಸವನ್ನೂ ‘ಎಚ್‌ಟಿಟಿಪಿಎಸ್’ ಎಂದು ತಿದ್ದಬೇಕು. ಅದಕ್ಕಿಂತಲೂ ಮೇಲು, ಪರವಾನಗಿಯುಳ್ಳ ಫಾಂಟನ್ನು ಶಾಲೆಯ ತಾಣದಲ್ಲಿಯೇ ಇರಿಸುವುದು.

ಮೂಲದೋಷ ಇನ್ನೂ ಆಳದಲ್ಲಿದೆ. ಹಳೆಯ ಪದ್ಧತಿಯ ಬರಹದಲ್ಲಿ ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಲಾಗಿರುತ್ತದೆ. ಫಾಂಟ್ ಬಾರದಿದ್ದರೆ ವೇಷ ಕಳಚುತ್ತದೆ. 1991ರ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳು ದೊರೆತವು. ಯೂನಿಕೋಡಿನ ಪುಟದಲ್ಲಿ ಫಾಂಟ್ ತಪ್ಪಿದರೂ ಮೊಬೈಲಿನ ಸ್ವಂತ ಕನ್ನಡ ಫಾಂಟ್ ನೆರವಿಗೆ ಬರುತ್ತದೆ; ಅಂದ ಕೆಡಬಹುದು, ಅರ್ಥ ಕೆಡದು.

ಪುಟ ಓದಲಾಗದಿದ್ದರೆ ‘ಇಂಗ್ಲಿಷಿನಲ್ಲೇ ಹಾಕಿ’ ಎಂಬ ಸಲಹೆ ಬೇಗನೆ ಬರುತ್ತದೆ. ಗಡಿನಾಡಿನ ಶಾಲೆ ತಿದ್ದಬೇಕಾದುದು ಆ ಒಂದು ವಿಳಾಸವನ್ನು, ಭಾಷೆಯನ್ನಲ್ಲ.