ವಾಕರಿಕೆ, ಹೊಟ್ಟೆ ಉಬ್ಬರ: ಎಲ್ಲವೂ ಗ್ಯಾಸ್ಟ್ರಿಕ್ ಅಲ್ಲ



ಮೂರು ವರ್ಷಗಳ ಹಿಂದಿನ ದಶಲಕ್ಷಣ ಪರ್ವ. ನನ್ನ ತಮ್ಮನ ಮಗಳಿಗೆ ಅಂದು ಉಪವಾಸ. ಸಂಜೆಯಿಂದ ವಾಂತಿ, ಬಲಗಡೆ ಕಿಬ್ಬೊಟ್ಟೆಯಲ್ಲಿ ನೋವು. ‘ಉಪವಾಸದಿಂದ ಪಿತ್ತ ಏರಿದೆ, ಬೆಳಿಗ್ಗೆ ಪಾರಣೆ ಆದರೆ ಸರಿಹೋಗುತ್ತದೆ’ ಎಂದು ಮನೆಯವರೆಲ್ಲ ಹೇಳಿದೆವು. ನಾನೂ ಹೇಳಿದೆ. ಬೆಳಿಗ್ಗೆ ಸ್ಕ್ಯಾನ್ ಮಾಡಿದಾಗ ಅಂಡಾಶಯ ಅದರಲ್ಲಿದ್ದ ಗುಳ್ಳೆಯ ಸಮೇತ ತಿರುಚಿಕೊಂಡಿರುವುದು ತಿಳಿಯಿತು. ಅಷ್ಟರಲ್ಲಿ ರಕ್ತ ಸಂಚಾರ ನಿಂತು ಆ ಬದಿಯ ಅಂಡಾಶಯವನ್ನೇ ತೆಗೆಯಬೇಕಾಯಿತು. ಅದಕ್ಕೂ ಎರಡು ತಿಂಗಳ ಮೊದಲಿನಿಂದ ಹೊಟ್ಟೆ ಉಬ್ಬರವೆಂದು ಅವಳು ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದಳು. ಈಗ ಆರೋಗ್ಯವಾಗಿದ್ದಾಳೆ.

ನಾನು ವೈದ್ಯನಲ್ಲ, ವ್ಯಾಪಾರಿ. ಸಮಾಜದ ರೋಗಿಗಳ ಜೊತೆ ಆಸ್ಪತ್ರೆಗೆ ಓಡಾಡುವಾಗ ವೈದ್ಯರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಇದು ಹೆಂಗಸರ ವಿಷಯವೆಂದು ಗಂಡಸರು ಬಿಟ್ಟುಬಿಡಬಾರದು.

ಗುಳ್ಳೆ ಎಂದರೇನು?

ಗರ್ಭಕೋಶದ ಎರಡೂ ಬದಿಯಲ್ಲಿ ಒಂದೊಂದು ಅಂಡಾಶಯವಿದೆ. ಅದರಲ್ಲಿ ನೀರು ತುಂಬಿದ ಚೀಲದಂತೆ ಬೆಳೆಯುವುದೇ ಗುಳ್ಳೆ, ಅಂದರೆ ಸಿಸ್ಟ್. ಮುಟ್ಟಾಗುವ ವಯಸ್ಸಿನವರಲ್ಲಿ ಇದು ತೀರ ಸಾಮಾನ್ಯ. ಹೆಚ್ಚಿನವು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ. ಡರ್ಮಾಯ್ಡ್, ಚಾಕೊಲೇಟ್ ಸಿಸ್ಟ್ ಮುಂತಾದ ಕೆಲವು ಮಾತ್ರ ಹಾಗೆ ಹೋಗುವುದಿಲ್ಲ. ಪಿಸಿಓಎಸ್ ಬೇರೆಯೇ ಸಮಸ್ಯೆ, ಎರಡನ್ನೂ ಒಂದೇ ಎಂದು ತಿಳಿಯಬಾರದು.

ಹೊಟ್ಟೆಗೆ ಏಕೆ ತೊಂದರೆ?

ಅಂಡಾಶಯದ ಪಕ್ಕದಲ್ಲೇ ಕರುಳು ಮತ್ತು ಮೂತ್ರಕೋಶ ಇವೆ. ಗುಳ್ಳೆ ದೊಡ್ಡದಾದಾಗ ಅವುಗಳನ್ನು ಒತ್ತುತ್ತದೆ. ಆಗ ಹೊಟ್ಟೆ ಉಬ್ಬರ, ಮಲಬದ್ಧತೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಉಂಟು. ಅಂಡಾಶಯದ ನೋವು ಜೋರಾದರೆ ವಾಕರಿಕೆಯೂ ಬರುತ್ತದೆ. ನೋವಿನ ಮಾತ್ರೆ, ಹಾರ್ಮೋನ್ ಮಾತ್ರೆ, ಕಬ್ಬಿಣಾಂಶದ ಮಾತ್ರೆಗಳಿಂದಲೂ ವಾಕರಿಕೆ ಬರಬಹುದು.

ಇನ್ನೊಂದು ಮಾತು. ಸಣ್ಣ ಗುಳ್ಳೆಗಳು ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಸ್ಕ್ಯಾನಿನಲ್ಲಿ ಸಣ್ಣದೊಂದು ಗುಳ್ಳೆ ಕಂಡಿತೆಂದು ಎಲ್ಲ ಅಜೀರ್ಣಕ್ಕೂ ಅದೇ ಕಾರಣ ಎನ್ನಲಾಗದು. ಅದನ್ನು ವೈದ್ಯರು ನೋಡಿ ಹೇಳಬೇಕು.

ಮನೆಯಲ್ಲಿ ಏನು ಮಾಡಬಹುದು?

ಯಾವ ಆಹಾರವೂ, ಯಾವ ಕಷಾಯವೂ ಗುಳ್ಳೆಯನ್ನು ಕರಗಿಸುವುದಿಲ್ಲ. ಆದರೆ ಪರೀಕ್ಷೆ ಆಗಿ, ವೈದ್ಯರು ಕಾದು ನೋಡೋಣ ಎಂದಾಗ, ಆ ದಿನಗಳನ್ನು ಹಗುರ ಮಾಡಿಕೊಳ್ಳಬಹುದು.

ಒಮ್ಮೆಲೇ ಹೊಟ್ಟೆ ತುಂಬ ಉಣ್ಣದೆ, ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಐದಾರು ಬಾರಿ ಸ್ವಲ್ಪ ಸ್ವಲ್ಪ ತಿನ್ನಬೇಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ವಾಕರಿಕೆ ಇದ್ದರೆ ಮೊದಲು ಸ್ವಲ್ಪ ಅರಳು ಅಥವಾ ಮಂಡಕ್ಕಿ ತಿನ್ನಬಹುದು.

ಅನ್ನದ ಗಂಜಿ, ಹೆಸರುಬೇಳೆ ತೊವ್ವೆ, ಸೋರೆ, ಹೀರೆ, ಪಡುವಲಕಾಯಿ ಹಗುರ. ಕರಿದದ್ದು, ಖಾರ, ಅವರೆ, ಕಡಲೆ ಕೆಲವು ದಿನ ಕಡಿಮೆ ಇರಲಿ. ಮಲಬದ್ಧತೆಗೆ ಪರಂಗಿ ಹಣ್ಣು, ಬೇಯಿಸಿದ ತರಕಾರಿ, ಹಗಲಿನಲ್ಲಿ ಸಾಕಷ್ಟು ಕಾಯಿಸಿ ಆರಿಸಿದ ನೀರು.

ವಾಕರಿಕೆಗೆ ಶುಂಠಿ ಒಳ್ಳೆಯದು. ಹಸಿಶುಂಠಿ ಕಂದಮೂಲವೆಂದು ಬಿಟ್ಟವರು ಒಣಶುಂಠಿ ಪುಡಿಯನ್ನು ಚಿಟಿಕೆಯಷ್ಟು ಬಿಸಿನೀರಿಗೆ ಹಾಕಿ ಕುಡಿಯಬಹುದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಬಳಸಲಿ.

ಸಣ್ಣ ನೋವಿಗೆ ಬಿಸಿನೀರಿನ ಚೀಲ ಸಾಕಾಗಬಹುದು. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ತರಹದ ಮಾತ್ರೆಗಳನ್ನು ಬರಿಹೊಟ್ಟೆಯಲ್ಲಿ, ಉಪವಾಸದ ದಿನ ನುಂಗಬಾರದು. ರಾತ್ರಿ ಮಾತ್ರೆ ಬರೆದಿದ್ದರೆ ‘ಸೂರ್ಯಾಸ್ತದ ಮೊದಲು ಕೊಡಬಹುದೇ?’ ಎಂದು ವೈದ್ಯರನ್ನೇ ಕೇಳಿ. ತಾವಾಗಿ ಬಿಡಬೇಡಿ.

ಯಾವಾಗ ಕಾಯಬಾರದು?

ಒಂದೇ ಬದಿಯ ಕಿಬ್ಬೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು, ಜೊತೆಗೆ ವಾಂತಿ. ತಲೆಸುತ್ತು, ಮೈ ತಣ್ಣಗಾಗಿ ಬೆವರುವುದು, ಮೂರ್ಛೆ. ಜ್ವರದೊಂದಿಗೆ ಹೊಟ್ಟೆನೋವು. ಮುಟ್ಟು ತಪ್ಪಿದ್ದು, ಒಂದು ಬದಿ ನೋವು. ಇವುಗಳಲ್ಲಿ ಯಾವುದಿದ್ದರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಸುಮಾರು 5 ಸೆಂಟಿಮೀಟರಿಗಿಂತ ದೊಡ್ಡ ಗುಳ್ಳೆಯಿದ್ದರೆ ಅಂಡಾಶಯ ತಿರುಚಿಕೊಳ್ಳುವ ಭಯ ಹೆಚ್ಚು. ತಿರುಚಿಕೊಂಡ ಅಂಡಾಶಯವನ್ನು ಬೇಗ ಬಿಡಿಸಿದರೆ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಹಾಗೆಯೇ 50 ದಾಟಿದ ತಾಯಂದಿರಿಗೆ ಹೊಸದಾಗಿ ಹೊಟ್ಟೆ ಉಬ್ಬರ ಶುರುವಾಗಿ ವಾರಗಟ್ಟಲೆ ಹೋಗದಿದ್ದರೆ, ಬೇಗ ಹೊಟ್ಟೆ ತುಂಬಿದಂತಾದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಗ್ಯಾಸ್ಟ್ರಿಕ್ ಎಂದು ದಿನ ತಳ್ಳಬಾರದು. ಅಂಡಾಶಯದ ಕ್ಯಾನ್ಸರ್ ಕೂಡ ಹೀಗೆಯೇ ಸದ್ದಿಲ್ಲದೆ ಶುರುವಾಗಬಹುದು. ಸ್ತ್ರೀರೋಗ ತಜ್ಞರನ್ನು ಕಂಡು ಸ್ಕ್ಯಾನ್, ಅಗತ್ಯವಿದ್ದರೆ ರಕ್ತಪರೀಕ್ಷೆ ಮಾಡಿಸಿ.

ವ್ರತ ಭಂಗದ ಭಯ

ಆ ರಾತ್ರಿ ನಮ್ಮನ್ನು ತಡೆದದ್ದು ಇದೇ ಭಯ. ತುರ್ತು ಆಪರೇಷನ್ ಬೇಕಾಗಬಹುದು ಎಂದಾಗ ವೈದ್ಯರೇ ಬಾಯಿಗೆ ಏನೂ ಕೊಡಬೇಡಿ ಎನ್ನುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಅಂದರೆ ನಾವು ಭಯಪಟ್ಟಂತೆ ಊಟ ಮಾಡಿಸುವ ಪ್ರಶ್ನೆಯೇ ಇರಲಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿಗೆ ತಕ್ಕಷ್ಟು ತಪಸ್ಸು ಎಂಬುದೂ ಒಂದು. ಗುಳ್ಳೆ ಇದೆಯೆಂದು ತಿಳಿದಿರುವವರು ಪರ್ವಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ, ಮುನಿಗಳು ಅಥವಾ ಭಟ್ಟಾರಕರಲ್ಲಿ ವಿಷಯ ಬಿನ್ನವಿಸಿ, ತಮ್ಮ ಶಕ್ತಿಗೆ ಒಪ್ಪುವ ನಿಯಮ ತೆಗೆದುಕೊಳ್ಳಲಿ.

ಮನೆಯ ಹೆಣ್ಣುಮಕ್ಕಳು ಹೊಟ್ಟೆ ಸರಿಯಿಲ್ಲ ಎಂದಾಗ ‘ಎಷ್ಟು ದಿನದಿಂದ? ಯಾವ ಕಡೆ ನೋವು?’ ಎಂದು ಎರಡು ಮಾತು ಕೇಳೋಣ. ನಾವು ಅಂದು ಕೇಳಲಿಲ್ಲ.

ಜೈ ಜಿನೇಂದ್ರ.