ಮೇ ತಿಂಗಳ ಹಸಿರು ತೊಗರಿ

ಮುಂಡರಗಿ ಸೀಮೆಯ ಡೋಣಿ ಊರಿನವರಿಗೆ ಗಾಳಿಯ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಕಪ್ಪತಗುಡ್ಡದ ನೆತ್ತಿಯ ಮೇಲೆ ಸಾಲುಗಟ್ಟಿದ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಮುಂಗಾರು ಹಿಡಿದರೆ ಪಡುವಣ ಗಾಳಿ ತಿಂಗಳುಗಟ್ಟಲೆ ಒಂದೇ ಕಡೆಗೆ ಬೀಸುತ್ತಿರುತ್ತದೆ. ತೊಗರಿ ಎಲೆಯ ಮೇಲೆ ಬದುಕುವ, ಬರಿಗಣ್ಣಿಗೆ ಕಾಣದ ನುಸಿಯೊಂದಕ್ಕೆ ಊರಿಂದೂರಿಗೆ ಹೋಗಲು ಇಂಥ ಗಾಳಿಯೇ ಬೇಕು. ಆ ನುಸಿ ಹೊತ್ತು ತರುವುದು ಗೊಡ್ಡು ರೋಗ.

ನೆಟೆ ರೋಗ ಬಂದ ಗಿಡ ನಿಂತಲ್ಲೇ ಒಣಗುತ್ತದೆ, ಯಾರಿಗಾದರೂ ತಿಳಿಯುತ್ತದೆ. ಗೊಡ್ಡು ರೋಗದ ಗಿಡ ಒಣಗುವುದಿಲ್ಲ. ಎಲೆ ಸಣ್ಣದಾಗುತ್ತದೆ, ಅದರ ಮೇಲೆ ತಿಳಿಹಳದಿ ಮಚ್ಚೆ ಮೂಡುತ್ತದೆ, ಗಿಡ ಕವಲೊಡೆದು ಪೊದೆಯಾಗುತ್ತದೆ. ಸುತ್ತಲಿನ ಗಿಡಗಳೆಲ್ಲ ಹೂವಾಡುವ ಹೊತ್ತಿಗೂ ಇದು ಹಸಿರಾಗಿಯೇ ಇರುತ್ತದೆ, ಕಾಯಿ ಕಟ್ಟುವುದಿಲ್ಲ. ಬಿತ್ತಿ 45 ದಿನ ತುಂಬುವುದರೊಳಗೆ ರೋಗ ತಗುಲಿದರೆ ಆ ಗಿಡದಿಂದ ಕಾಳು ಸಿಗುವುದು ಹೆಚ್ಚುಕಡಿಮೆ ಇಲ್ಲವೆಂದೇ ಲೆಕ್ಕ. ಹಸಿರು ಪ್ಲೇಗ್ ಎಂಬ ಹೆಸರೂ ಇದಕ್ಕಿದೆ. ತಿಂಗಳುಗಟ್ಟಲೆ ನೋಡಿಕೊಂಡ ಬೆಳೆಯ ಮುಂದೆ ಬರಿಗೈಲಿ ನಿಂತವರಿಗೆ ಆ ಹೆಸರು ಅತಿಯೆನಿಸಲಾರದು.

ಬಿಹಾರದ ಪೂಸಾದಲ್ಲಿ ಈ ರೋಗ ಮೊದಲು ದಾಖಲಾದದ್ದು 1931ರಲ್ಲಿ. ಹರಡುವುದು ನುಸಿ ಎಂದು ಗೊತ್ತಾಗಲು 1962ರವರೆಗೆ ಕಾಯಬೇಕಾಯಿತು. ಆ ನುಸಿಯನ್ನು 1966ರಲ್ಲಿ ಶಾಸ್ತ್ರೀಯವಾಗಿ ವಿವರಿಸಿ ಅಸೇರಿಯಾ ಕಜಾನಿ ಎಂದು ಹೆಸರಿಟ್ಟವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿ.ಪಿ. ಚನ್ನಬಸವಣ್ಣ. ನಮ್ಮವರೊಬ್ಬರ ಈ ಕೆಲಸ ನಮ್ಮಲ್ಲೇ ಹೆಚ್ಚು ಜನರಿಗೆ ತಿಳಿದಿಲ್ಲ ಎಂಬುದು ನನಗೆ ನೋವಿನ ಸಂಗತಿ. ರೋಗಕ್ಕೆ ಕಾರಣವಾದ ವೈರಸ್ ಮಾತ್ರ ಇನ್ನೂ ಬಹುಕಾಲ ಕೈಗೆ ಸಿಗಲಿಲ್ಲ. ಪತಂಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯವರು ಮತ್ತು ಸ್ಕಾಟ್ಲೆಂಡಿನ ಸಂಶೋಧಕರು ಸೇರಿ ಅದನ್ನು ಹಿಡಿಯುವ ಹೊತ್ತಿಗೆ ಹೊಸ ಶತಮಾನ ಬಂದಿತ್ತು. ಅದು ಒಂದಲ್ಲ, ಎರಡು ವೈರಸ್ ಎಂಬುದು ಆಮೇಲೆ ತಿಳಿಯಿತು.

ಈ ನುಸಿಯ ಮೈಕಟ್ಟೇ ಬೇರೆ. ನುಸಿಗಳೆಂದರೆ ಸಾಮಾನ್ಯವಾಗಿ ಎಂಟು ಕಾಲು, ಇದಕ್ಕೆ ನಾಲ್ಕೇ. ಕದಿರಿನಾಕಾರದ ಉದ್ದನೆ ಮೈ. ನಾಲ್ಕೈದನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು. ವಾಸ ಎಲೆಯ ಅಡಿಭಾಗದಲ್ಲಿ. ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಬರಲು ಎರಡು ವಾರವೂ ಬೇಡ. ಬಾಯಿಯ ಸೂಜಿ ಎಷ್ಟು ಗಿಡ್ಡವೆಂದರೆ ಎಲೆಯ ಹೊರಪದರದ ಕೋಶಕ್ಕಿಂತ ಒಳಗೆ ಇಳಿಯುವುದಿಲ್ಲ. ಹಾಗಾಗಿ ನುಸಿಯಿಂದ ಎಲೆಗೆ ಆಗುವ ಹಾನಿ ಹೇಳಿಕೊಳ್ಳುವಂಥದ್ದಲ್ಲ. ಕೇಡು ಇರುವುದು ಅದು ತಂದು ಬಿಡುವ ವೈರಸ್‌ನಲ್ಲಿ. ರೋಗದ ಗಿಡದಲ್ಲಿ ಕಾಲು ಗಂಟೆ ರಸ ಹೀರಿದರೆ ವೈರಸ್ ಅಂಟಿಕೊಳ್ಳುತ್ತದೆ, ಒಳ್ಳೆಯ ಗಿಡದಲ್ಲಿ ಒಂದೂವರೆ ಗಂಟೆ ಹೀರಿದರೆ ಅಲ್ಲಿಗೆ ದಾಟುತ್ತದೆ. ಗಿಡವೊಂದಕ್ಕೆ ಹತ್ತು ನುಸಿ ಬಂದು ಕೂತರೆ ಅದು ಉಳಿಯುವುದು ಕಷ್ಟ.

ರೋಗದ ಮುನ್ಸೂಚನೆಗೆ ದಾರಿ ಸಿಗುವುದು ನುಸಿಯ ಒಂದು ಮಿತಿಯಲ್ಲಿ. ವೈರಸ್ ಅದರೊಳಗೆ ಬಹಳ ಹೊತ್ತು ಉಳಿಯುವುದಿಲ್ಲ. ಉಪವಾಸವಿದ್ದರೂ ಹದಿಮೂರು ಗಂಟೆಯ ಆಸುಪಾಸು, ಅಷ್ಟೆ. ಮೊಟ್ಟೆಯ ಮೂಲಕ ಮರಿಗೆ ಹೋಗುವುದಿಲ್ಲ. ಬೀಜದಲ್ಲೂ ಬರುವುದಿಲ್ಲ. ಹಾಗಾದರೆ ಕಟಾವು ಮುಗಿದ ಜನವರಿಯಿಂದ ಹೊಸ ಬೆಳೆ ಮೇಲೇಳುವ ಜೂನ್–ಜುಲೈವರೆಗೆ ವೈರಸ್ ಎಲ್ಲಿರುತ್ತದೆ? ಜೀವಂತ ತೊಗರಿ ಗಿಡದಲ್ಲಿ, ಇಲ್ಲವೇ ಅದರ ಕೆಲವು ಕಾಡು ಬಂಧುಗಳಲ್ಲಿ. ಬದುವಿನಲ್ಲಿ ಕಾಳು ಉದುರಿ ಹುಟ್ಟಿದ್ದು, ಕೊಯ್ದ ಬುಡದಿಂದ ಚಿಗುರಿದ ಕೂಳೆ, ಹಿತ್ತಲಲ್ಲಿ ವರ್ಷಗಟ್ಟಲೆ ಬಿಟ್ಟ ಗಿಡ, ಇವೇ ಅದರ ಬೇಸಿಗೆಯ ಮನೆ.

ಉರಿಬಿಸಿಲಿನ ಒಣಹವೆಯಲ್ಲಿ ನುಸಿಯ ಸಂಖ್ಯೆ ಕುಗ್ಗುತ್ತದೆ. ನೆರಳು, ತೇವ ಸಿಕ್ಕಲ್ಲಿ ಹೆಚ್ಚುತ್ತದೆ. ಮಳೆಯನ್ನೇ ನಂಬಿದ ಎರೆ ಹೊಲದ ಬದು ಏಪ್ರಿಲ್‌ಗೆ ಬೆಂಗಾಡಾಗುತ್ತದೆ, ನುಸಿಗೆ ಆಸರೆ ಉಳಿಯುವುದಿಲ್ಲ. ಆದರೆ ಮುಂಡರಗಿ ಸೀಮೆಗೆ ಸಿಂಗಟಾಲೂರು ಏತ ನೀರಾವರಿಯಿಂದ ತುಂಗಭದ್ರೆಯ ನೀರು ಬರುತ್ತಿದೆ. ನೀರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಲುವೆ ದಂಡೆಯಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ನಾಲ್ಕು ತೊಗರಿ ಗಿಡಗಳ ಮೇಲೆ ಕಣ್ಣಿಡುವ ಕೆಲಸವೂ ಅದರ ಜೊತೆಗೇ ಬಂದಿದೆ. ಬೇಸಿಗೆಯ ಅಡ್ಡಮಳೆಗೆ ಕೂಳೆ ಚಿಗುರಿದ ವರ್ಷವಂತೂ ಹೆಚ್ಚು ಎಚ್ಚರ ಬೇಕು.

ಆಮೇಲಿನದು ಗಾಳಿಯ ಲೆಕ್ಕ. ರಾಶಿ ಮಾಡುವಾಗ ತೂರಿದ ಹೊಟ್ಟಿನ ಹಾಗೆ ನುಸಿ ಗಾಳಿ ಹೋದತ್ತ ಹೋಗುತ್ತದೆ. ಗಾಳಿ ಹೋಗುವ ದಿಕ್ಕಿಗೆ ರೋಗ 2 ಕಿಲೋಮೀಟರ್‌ವರೆಗೂ ಹರಡುತ್ತದೆ, ಗಾಳಿಗೆದುರಾಗಿ 200 ಮೀಟರ್ ದಾಟುವುದೂ ಕಷ್ಟ. ಪಡುವಣ ಗಾಳಿಯ ಕಾಲದಲ್ಲಿ ನಿಮ್ಮ ಹೊಲದ ಪಶ್ಚಿಮಕ್ಕಿರುವ ಗೊಡ್ಡು ಗಿಡಕ್ಕೂ ಪೂರ್ವಕ್ಕಿರುವ ಗೊಡ್ಡು ಗಿಡಕ್ಕೂ ಇರುವ ವ್ಯತ್ಯಾಸ ಇದು. ಅಮೆರಿಕದ ಗೋಧಿ ಸೀಮೆಯಲ್ಲೂ ಇದೇ ಕಥೆ. ಕೊಯ್ಲಿಗೆ ಮುಂಚೆ ಆಲಿಕಲ್ಲು ಬಿದ್ದು ತೆನೆ ಉದುರಿದರೆ, ಆ ಕಾಳಿನಿಂದ ಹುಟ್ಟಿದ ಗೋಧಿಯಲ್ಲಿ ಇನ್ನೊಂದು ಜಾತಿಯ ನುಸಿ ಬದುಕುಳಿದು ಮುಂದಿನ ಬೆಳೆಗೆ ವೈರಸ್ ದಾಟಿಸುತ್ತದೆ. ಅಲ್ಲಿನ ರೈತರು ಆಲಿಕಲ್ಲು ಬಿದ್ದ ಜಾಗವನ್ನೇ ಮೊದಲು ನೋಡುತ್ತಾರೆ.

ರೋಗ ತಡೆಯುವ ತಳಿಗಳಿವೆ. ರೋಗದ ಎಲೆಯನ್ನು ನುಸಿ ಸಮೇತ ಸ್ಟೇಪ್ಲರ್‌ನಿಂದ ಎಳೆಗಿಡದ ಎಲೆಗೆ ಪಿನ್ ಮಾಡಿ ಇಕ್ರಿಸ್ಯಾಟ್‌ನವರು ಸಾವಿರಾರು ತಳಿಗಳನ್ನು ಪರೀಕ್ಷಿಸಿದ್ದಾರೆ. ನೆಟೆ ತಡೆಯುವ ಮಾರುತಿ ತಳಿ ಗೊಡ್ಡು ರೋಗಕ್ಕೆ ಸುಲಭವಾಗಿ ಬಲಿಯಾಗುತ್ತದೆ. ಆಶಾ ಮತ್ತು ಬಿಎಸ್‌ಎಂಆರ್ 736 ತಳಿಗಳು ನೆಟೆ, ಗೊಡ್ಡು ಎರಡೂ ರೋಗಗಳನ್ನು ತಡೆಯುವಂತೆ ಬಂದವು. ಆದರೆ ವೈರಸ್‌ನ ಬೆಂಗಳೂರು ಬಗೆ ಪತಂಚೆರುವಿನದಕ್ಕಿಂತ ಉಗ್ರ. ಅಲ್ಲಿ ಗೆದ್ದ ಎಷ್ಟೋ ತಳಿಗಳು ಇದರ ಮುಂದೆ ಸೋತಿವೆ. ಆದ್ದರಿಂದ ತಳಿಯೊಂದನ್ನೇ ನಂಬಿ ಕೂರುವುದು ಬೇಡ ಎಂಬುದು ನನ್ನ ಮಾತು. ಬಿತ್ತುವ ಮುಂಚೆ, ಮೇ ಮುಗಿಯುವುದರೊಳಗೆ, ಬದು, ಕಾಲುವೆ ದಂಡೆ, ಹಿತ್ತಲಿನ ಗೊಡ್ಡು ಗಿಡಗಳನ್ನು ಬೇರು ಸಮೇತ ಕೀಳಬೇಕು. ಬಿತ್ತಿದ ಮೊದಲ ಆರು ವಾರ ಹೊಲದಲ್ಲಿ ಓಡಾಡಿ, ಮಚ್ಚೆ ಎಲೆಯ ಗಿಡ ಕಂಡ ಕೂಡಲೇ ತೆಗೆಯಬೇಕು. ಒಬ್ಬರು ಕಿತ್ತು ಪಡುವಣ ಹೊಲದವರು ಬಿಟ್ಟರೆ ಶ್ರಮ ವ್ಯರ್ಥ. ಊರವರೆಲ್ಲ ಒಂದೇ ವಾರದಲ್ಲಿ, ಗಾಳಿ ಬರುವ ಕಡೆಯ ಹೊಲಗಳಿಂದ ಈ ಕೆಲಸ ಶುರು ಮಾಡುವುದು ಒಳ್ಳೆಯದು.