ಮನದಲ್ಲಿ ನೆಲೆಸುವ ಕಾದಂಬರಿಗಳು

‘ಕಾದಂಬರಿ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮದ್ಯವೆಂಬ ಅರ್ಥವುಂಟು. ಏಳನೆಯ ಶತಮಾನದಲ್ಲಿ ಬಾಣಭಟ್ಟನು ತನ್ನ ಗದ್ಯಕಾವ್ಯದ ನಾಯಿಕೆಗೆ ಈ ಹೆಸರನ್ನಿಟ್ಟನು. ಗ್ರಂಥವು ಮುಗಿಯುವುದರೊಳಗಾಗಿ ಅವನು ತೀರಿಕೊಳ್ಳಲು, ಅವನ ಮಗನು ಉಳಿದ ಭಾಗವನ್ನು ಪೂರ್ತಿಗೊಳಿಸಿದನು. ನಾಗವರ್ಮನು ಅದನ್ನು ಕನ್ನಡಕ್ಕೆ ತಂದನು. ಆ ಒಂದು ಗ್ರಂಥದ ಹೆಸರೇ ಕಾಲಕ್ರಮದಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದು ಸಾಹಿತ್ಯಜಾತಿಗೇ ಹೆಸರಾಗಿ ನಿಂತಿತು.

ಹೆಸರಿಗೆ ತಕ್ಕಂತೆ ಅಮಲೇರಿಸುವ ಕಾದಂಬರಿಗಳು ಬೇಕಾದಷ್ಟಿವೆ. ರಾತ್ರಿ ಊಟ ನಿದ್ರೆಗಳನ್ನು ಮರೆಯಿಸಿ, ಬೆಳಗಾಗುವುದರೊಳಗೆ ತಮ್ಮನ್ನೂ ಮರೆಯಿಸಿಬಿಡುವ ಪುಸ್ತಕಗಳವು. ಅವುಗಳ ಮಾತು ಹಾಗಿರಲಿ. ಓದಿ ನಾಲ್ವತ್ತು ವರ್ಷಗಳಾದರೂ ಮನಸ್ಸನ್ನು ಬಿಟ್ಟು ಹೋಗದ ಕಾದಂಬರಿಗಳು ಕೆಲವುಂಟಷ್ಟೆ. ಅವು ಹಾಗೆ ನಿಲ್ಲುವುದೇತಕ್ಕೆ? ಈ ಪ್ರಶ್ನೆಗೆ ನಮ್ಮ ಅನುಭವದಿಂದಲೇ ಉತ್ತರವನ್ನು ಹುಡುಕುವೆವು.

ನಾವು ಎಳೆವಯಸ್ಸಿನಲ್ಲಿಯೇ ಸಂಸ್ಕೃತ ಪಾಠಶಾಲೆಯನ್ನು ಸೇರಿದವರು. ಕಾದಂಬರಿಯನ್ನೋದುವುದು ಕೆಲಸವಿಲ್ಲದವರ ಕೆಲಸವೆಂಬುದು ಆಗಿನ ನಮ್ಮ ದೃಢವಾದ ನಂಬಿಕೆ. ಹತ್ತೊಂಬತ್ತನೆಯ ವಯಸ್ಸಿನ ಬೇಸಗೆಯ ರಜೆಯಲ್ಲಿ ಸ್ನೇಹಿತನೊಬ್ಬನು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ನಮ್ಮ ಕೈಯಲ್ಲಿಟ್ಟನು. ಹಳಿಯುವುದಕ್ಕಾದರೂ ಒಮ್ಮೆ ಓದಬೇಕಷ್ಟೆ ಎಂದು ಅದನ್ನು ತೆರೆದೆವು.

1940ರ ದಶಕದ ಆದಿಯಲ್ಲಿ ಪ್ರಕಟವಾದ ಈ ಕಾದಂಬರಿಯು ಕೋಟದ ಸೀಮೆಯ ಕಡಲ ತೀರದ ಒಂದು ಬ್ರಾಹ್ಮಣ ಕುಟುಂಬದ ಮೂರು ತಲೆಮಾರುಗಳ ಕಥೆ. ಪುರೋಹಿತರಾದ ರಾಮ ಐತಾಳರು, ಓದಿಯೂ ಕೆಟ್ಟುಹೋದ ಅವರ ಮಗ ಲಚ್ಚ, ಪುನಃ ಮಣ್ಣಿಗೆ ಮರಳಿದ ಮೊಮ್ಮಗ ರಾಮ ಇವರೇ ಕಥೆಯ ಗಂಡಸರು. ಆದರೆ ಮನೆಯನ್ನು ಎತ್ತಿ ಹಿಡಿದವರು ಹೆಂಗಸರು. ಮಕ್ಕಳಿಲ್ಲದ ಪಾರೋತಿ, ಐತಾಳರ ವಿಧವೆಯಾದ ಸೋದರಿ ಸರಸೋತಿ ಇವರಿಬ್ಬರೂ ಗದ್ದೆಯಲ್ಲಿ ದುಡಿಯುವರು. ಮಳೆಗಾಲದ ನೆರೆಯಲ್ಲಿ ತೇಲಿಬರುವ ಮರದ ತುಂಡುಗಳನ್ನು ಸೌದೆಗಾಗಿ ಹಿಡಿದು ತರುವರು. ಇಷ್ಟೆಲ್ಲ ಮಾಡಿಯೂ ತಾವೇನೋ ಮಾಡಿದೆವೆಂಬ ಭಾವನೆಯೇ ಅವರಿಗಿಲ್ಲ.

ಸರಸೋತಿಯ ಪಾತ್ರವನ್ನು ಓದುತ್ತಿದ್ದಾಗ ಅಡಿಗೆಯ ಮನೆಯಲ್ಲಿ ಪಾತ್ರೆಯ ಸದ್ದಾಯಿತು. ಅಲ್ಲಿದ್ದವರು ನಮ್ಮ ಸೋದರತ್ತೆ. ಹನ್ನೊಂದನೆಯ ವಯಸ್ಸಿನಲ್ಲಿ ವಿಧವೆಯಾಗಿ ತವರಿಗೆ ಬಂದು, ಅಲ್ಲಿಯೇ ಮುದುಕಿಯಾದವರು. ನಮ್ಮನ್ನು ಎತ್ತಿ ಆಡಿಸಿದವರೂ, ನಾವು ಪಾಠಶಾಲೆಗೆ ಹೊರಟಾಗ ಬುತ್ತಿ ಕಟ್ಟಿಕೊಟ್ಟವರೂ ಅವರೇ. ಹತ್ತೊಂಬತ್ತು ವರ್ಷ ಅವರ ಕೈಯ ಅನ್ನವನ್ನು ಉಂಡ ನಮಗೆ, ಅವರು ಯಾವಾಗ ಉಣ್ಣುವರು, ಏನನ್ನು ಉಣ್ಣುವರು ಎಂಬುದು ತಿಳಿದಿರಲಿಲ್ಲ. ಪುಸ್ತಕವನ್ನು ಮಡಚಿಟ್ಟು ಒಳಗೆ ಹೋಗಿ, “ಅತ್ತೆ, ನಿಮ್ಮ ಊಟವಾಯಿತೆ?” ಎಂದು ಕೇಳಿದೆವು. ಅವರು ಬೆಚ್ಚಿದವರಂತೆ ತಿರುಗಿ ನೋಡಿ, “ಇದೇನಪ್ಪಾ, ಮೈ ಸರಿಯಾಗಿದೆಯಷ್ಟೆ?” ಎಂದರು. ಆ ಮನೆಯಲ್ಲಿ ಅವರನ್ನು ಆ ಮಾತು ಕೇಳಿದವರು ಅದುವರೆಗೆ ಒಬ್ಬರೂ ಇರಲಿಲ್ಲವೆಂದು ತೋರುತ್ತದೆ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆ ಪುಸ್ತಕವು ಇನ್ನೂ ಹತ್ತು ವರ್ಷ ಮೊದಲೇ ನಮ್ಮ ಕೈಗೆ ಬರಬಾರದಾಗಿತ್ತೆ ಎಂದು ಇಂದಿಗೂ ಮರುಗುತ್ತೇವೆ.

ಓದುಗನ ಹೃದಯದಲ್ಲಿ ವಾಸನಾರೂಪವಾಗಿ ಮೊದಲೇ ಇರುವ ಭಾವವನ್ನು ಕಾವ್ಯವು ಎಚ್ಚರಿಸುವುದೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಅಂಥ ಹೃದಯವುಳ್ಳವನನ್ನೇ ಅವರು ಸಹೃದಯನೆಂದು ಕರೆದರು. ಪಾಠಶಾಲೆಯಲ್ಲಿ ಇದನ್ನು ನಾವು ಬಾಯಿಪಾಠ ಮಾಡಿದ್ದೆವು. ಅರ್ಥವಾದುದು ಅಡಿಗೆಯ ಮನೆಯ ಹೊಸ್ತಿಲಿನಲ್ಲಿ.

ಕಾರಂತರದೇ ‘ಚೋಮನ ದುಡಿ’ಯು 1933ರಲ್ಲಿ ಪ್ರಕಟವಾಯಿತು. ಎತ್ತುಗಳೆರಡನ್ನು ಸಾಕಿಯೂ ಉಳಲು ತುಂಡು ಭೂಮಿಯನ್ನು ಪಡೆಯದೆ ಹೋದ ಅಸ್ಪೃಶ್ಯನೊಬ್ಬನ ಕಥೆಯದು. ಅವನ ಮಗನು ಹೊಳೆಯಲ್ಲಿ ಮುಳುಗುತ್ತಿರುವಾಗ, ಮುಟ್ಟಿದರೆ ಮೈಲಿಗೆಯೆಂದು ದಡದವರು ಅವನನ್ನು ಎತ್ತುವುದಿಲ್ಲ. ಮಡಿಯ ಮನೆಯಲ್ಲಿ ಬೆಳೆದ ನಮಗೆ ಆ ಪುಟವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲು ಮೂರು ವರ್ಷ ಧೈರ್ಯ ಬರಲಿಲ್ಲ. ಏತಕ್ಕೆಂದರೆ, ಆ ದಡದಲ್ಲಿ ನಿಂತವರೊಳಗೆ ನಮ್ಮ ಹಿರಿಯರ ಮುಖಗಳು ನಮಗೆ ಕಾಣುತ್ತಿದ್ದವು. ಓದಿದ ದಿನ ಹುಡುಗರಾರೂ ಮಾತನಾಡಲಿಲ್ಲ. ಗಂಟೆ ಹೊಡೆದರೂ ಏಳಲಿಲ್ಲ.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಮೂರನೆಯದು. ಬಾಲವಿಧವೆಯಾಗಿ ನೂರು ವರ್ಷ ಮೀರಿ ಬಾಳಿದ ಆ ವೃದ್ಧೆಯು ತಾನು ಅನುಭವಿಸಿದುದನ್ನು ಮತ್ತೊಬ್ಬಳು ಅನುಭವಿಸಲೆಂದು ಬಯಸಲಿಲ್ಲ. ತಲೆಬೋಳಿಸಲು ಒಪ್ಪದ ತರುಣ ವಿಧವೆಯ ಪಕ್ಷವನ್ನೇ ವಹಿಸಿದಳು. ನಮ್ಮ ಅತ್ತೆಯೂ ಮನಸ್ಸಿನಲ್ಲಿ ಹಾಗೆಯೇ ಇದ್ದಿರಬಹುದೆ? ಕೇಳಿ ತಿಳಿಯುವ ಕಾಲವು ಮೀರಿಹೋಯಿತು.

ಈ ಮೂರು ಗ್ರಂಥಗಳಲ್ಲಿ ಬೆರಗುಗೊಳಿಸುವ ಘಟನೆಗಳಿಲ್ಲ. ಕಣ್ಣೆದುರಿಗಿದ್ದೂ ನಾವು ಕಾಣದವರನ್ನು ಇವು ಕಾಣಿಸಿಕೊಟ್ಟವು. ಅಮಲೇರಿಸುವ ಪುಸ್ತಕವು ನಮ್ಮನ್ನು ಮನೆಯಿಂದ ಬಹುದೂರ ಕರೆದೊಯ್ಯುವುದು. ನೆಲೆಸುವ ಪುಸ್ತಕವು ಮನೆಗೇ ಮರಳಿಸುವುದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ರಾತ್ರಿಯೂಟವಾದ ಮೇಲೆ ಮೊಬೈಲುಗಳನ್ನು ಬದಿಗಿಟ್ಟು, ಇಂಥ ಒಂದು ಕಾದಂಬರಿಯನ್ನು ದಿನಕ್ಕೆ ಹತ್ತು ಪುಟದಂತೆ ಒಬ್ಬರು ಓದಲಿ, ಉಳಿದವರು ಕೇಳಲಿ. ಓದು ಆರಂಭವಾಗುವ ಮೊದಲು, ಮನೆಯಲ್ಲಿ ಊಟವಾಗದವರು ಯಾರಾದರೂ ಉಳಿದಿರುವರೇ ಎಂದು ಒಮ್ಮೆ ವಿಚಾರಿಸುವುದನ್ನು ಮಾತ್ರ ಮರೆಯಬಾರದು.